ಜೋಲಿಯ ಹಗ್ಗ

ಕಲ್ಯಾಣದುರ್ಗ ಬಿಟ್ಟು ಹಿಂದೂಪುರಕ್ಕೆ ಬಂದ ವರ್ಷ ದೊಡ್ಡ ಮಗಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದೆ. ಎರಡು ವರ್ಷದ ಮಗ ಬಳಪ ತಿನ್ನುತ್ತಿದ್ದ. ಅದನ್ನು ಅವನ ಬಾಯಿಂದ ತೆಗೆಯುವಷ್ಟರಲ್ಲಿ ಸೀರೆಯ ಜೋಲಿಯಲ್ಲಿ ಕೂಸು ಅಳುತ್ತಿತ್ತು. ನೆಟ್ಟಗೆ ಕೂತು ಒಂದು ಲೆಕ್ಕ ಹೇಳಿಕೊಟ್ಟಿದ್ದೇ ಇಲ್ಲ. ಕೊನೆಗೆ, ತೂಗುತ್ತಲೇ ಬರೆಯಲಿ ಅಂತ ಜೋಲಿಯ ಹಗ್ಗವನ್ನು ಮಗಳ ಕಾಲಿಗೆ ಕಟ್ಟಿದೆ.

ಆವತ್ತಿಂದ ಅವಳ ಬರಹ ಕೆಟ್ಟಿತು. ನಾನು ದಿನಾ ಬಯ್ಯುತ್ತಿದ್ದೆ.

"ಏನೇ ಇದು, ಕೋಳಿ ಕೆದರಿದಂಗೆ ಬರ್ದಿದ್ದೀಯ?"

"ನೀನೇ ಬರ್ದು ತೋರ್ಸಮ್ಮ" ಅಂದವಳು ಹಗ್ಗ ಬಿಚ್ಚಿ ನನ್ನ ಕಾಲಿಗೆ ಕಟ್ಟಿದಳು.

ಸಿಟ್ಟಲ್ಲೇ ತೂಗುತ್ತಾ ಒಂದು ಸಾಲು ಬರೆದೆ. ನನ್ನ ಅಕ್ಷರವೂ ಸೊಟ್ಟಗಾಗಿತ್ತು.

ಅವಳು ಪುಸ್ತಕ ತಗೊಂಡು ಹೋಗಿ ಹೊಸ್ತಿಲ ಮೇಲೆ ಕೂತು, ಅದೇ ಸಾಲನ್ನು ನೆಟ್ಟಗೆ ಬರೆದಳು.