ಓಬಳಮ್ಮನ ಬಲಗೈ

೨೦೦೮ರಲ್ಲಿ ಸಂಘಮಿತ್ರಳಿಗೆ ಸರ್ಕಾರಿ ಫಿಸಿಯೋಥೆರಪಿಸ್ಟ್ ಕೆಲಸ ಸಿಕ್ಕಿದಾಗ ಒಂದಲ್ಲ, ನಾಲ್ಕು ಆಸ್ಪತ್ರೆ ಸಿಕ್ಕವು. ಸೋಮವಾರ ಚಿಕ್ಕಬಳ್ಳಾಪುರ, ಮಂಗಳವಾರ ಶಿಡ್ಲಘಟ್ಟ, ಬುಧವಾರ ಚಿಂತಾಮಣಿ, ಗುರುವಾರ ತನ್ನೂರು ಗೌರಿಬಿದನೂರು. ಉಳಿದೆರಡು ದಿನ ಎಲ್ಲಿಗೆ ಕರೆದರೆ ಅಲ್ಲಿಗೆ. ಫಿಸಿಯೋಥೆರಪಿ ಅಂದರೆ ಕರೆಂಟ್ ಕೊಡುವುದು ಎಂದುಕೊಂಡ ಜನ ಅವಳನ್ನು ಕರೆಂಟ್ ಡಾಕ್ಟ್ರಮ್ಮ ಅನ್ನುತ್ತಿದ್ದರು. ಅವಳು ಕರೆಂಟ್ ಬಳಸುತ್ತಿದ್ದದ್ದು ಫ್ಯಾನಿಗೆ ಮಾತ್ರ.

ಶಿಡ್ಲಘಟ್ಟದಲ್ಲಿ ಒಂದು ಮಂಗಳವಾರ ದಿಬ್ಬೂರಹಳ್ಳಿಯ ಓಬಳಮ್ಮ ಗಂಡ ಮುನಿಗಂಗಪ್ಪನೊಂದಿಗೆ ಬಂದಳು. ಅವಳಿಗೆ ಲಕ್ವ ಹೊಡೆದು ಮೂರು ತಿಂಗಳಾಗಿತ್ತು. ಕಾಲು ನೆಟ್ಟಗಾಗಿತ್ತು. ಮೂವತ್ತು ವರ್ಷ ರೇಷ್ಮೆಹುಳಕ್ಕೆ ಸೊಪ್ಪು ಹಾಕಿದ್ದ ಬಲಗೈ ಮಾತ್ರ ಸೆರಗಿನೊಳಗೆ ಮಡಚಿಕೊಂಡಿತ್ತು. ಸಂಘಮಿತ್ರ ಒಂದು ರಬ್ಬರ್ ಚೆಂಡು ಕೊಟ್ಟು, ದಿನಕ್ಕೆ ನೂರು ಸಲ ಹಿಸುಕಬೇಕೆಂದು ಹೇಳಿ ಕಳಿಸಿದಳು.

ಮುಂದಿನ ವಾರ ಚೆಂಡು ಹೊಸದರಂತೆಯೇ ವಾಪಸ್ ಬಂತು.

“ಇದನ್ನ ಹಿಸುಕ್ಲೇ ಇಲ್ವಾ, ಓಬಳಮ್ಮ?”

“ಸರ್ಕಾರದ ಸಾಮಾನು ಕಣಮ್ಮ. ಕೊಳೆ ಆಗ್ಬಾರ್ದು ಅಂತ ಡಬ್ಬೀಲಿ ಇಟ್ಟಿದ್ದೆ.”

ಇನ್ನೆರಡು ವಾರ ಹೀಗೇ ಹೋಯಿತು. ಆಮೇಲಿನ ಮಂಗಳವಾರ ಓಬಳಮ್ಮ ಬರಲೇ ಇಲ್ಲ. ಮನಸ್ಸು ಮುರಿದುಕೊಂಡಳು, ತಾನೇ ಸರಿಯಾಗಿ ತಿಳಿಸಿ ಹೇಳಲಿಲ್ಲ ಎಂದು ಸಂಘಮಿತ್ರ ಚಿಂತಾಮಣಿಯ ಬಸ್ಸಿನಲ್ಲಿ ಕುಳಿತು ಕೊರಗಿದಳು.

ಅದರ ಮುಂದಿನ ವಾರ ಓಬಳಮ್ಮ ಬಂದು ಬೆಂಚಿನ ಮೇಲೆ ಕುಳಿತಳು. ಕೈ ಸೆರಗಿನ ಹೊರಗಿತ್ತು.

“ಹೋದ್ವಾರ ಹುಳ ಹಣ್ಣಾಗಿ ಗೂಡು ಕಟ್ಟೋಕೆ ಬಂದ್ಬಿಟ್ವಮ್ಮ. ಒಂದೇ ದಿನದಲ್ಲಿ ಆರಿಸಿ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡ್ಬೇಕು, ಇಲ್ದಿದ್ರೆ ಎಲೆ ಮೇಲೇ ಗೂಡು ಕಟ್ಬಿಡ್ತವೆ. ಕೂಲಿಯೋರು ಬರ್ಲಿಲ್ಲ. ಎಡಗೈ ಒಂದೇ ಸಾಲ್ದಾಯ್ತು.”

“ಬಲಗೈಲಿ ಹುಳ ಎತ್ತಿದ್ರಾ?”

“ಎತ್ತಿದೆ. ಮೊದ್ಲು ಒಂದಿಷ್ಟು ಸತ್ವು. ಮಧ್ಯಾಹ್ನದ ಮೇಲೆ ಸಾಯ್ಲಿಲ್ಲ.”

ಸಂಘಮಿತ್ರ ಮೇಜಿನ ಮೇಲೆ ಗುಂಡುಪಿನ್ನು ಚೆಲ್ಲಿದಳು. ಓಬಳಮ್ಮ ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದೊಂದಾಗಿ ಎತ್ತಿಟ್ಟಳು. ಸಂಘಮಿತ್ರಳ ಕಣ್ಣು ತುಂಬಿತು. ಅವಳು ತಲೆ ಬಗ್ಗಿಸಿ ಚೀಟಿಯಲ್ಲಿ ‘ಹಿಡಿತ ಸುಧಾರಿಸಿದೆ’ ಎಂದು ಬರೆದಳು.

ಹೆಂಡತಿ ಬಾಗಿಲು ದಾಟಿದ ಮೇಲೂ ಮುನಿಗಂಗಪ್ಪ ಅಲ್ಲೇ ನಿಂತಿದ್ದ.

“ಏನು ಯಜಮಾನ್ರೇ?”

“ಏನಿಲ್ಲಮ್ಮ. ಇಷ್ಟು ದಿನ ಮುದ್ದೆ ನಾನೇ ಮುರಿದು ತಿನ್ನಿಸ್ತಿದ್ದೆ. ಮದುವೆಯಾಗಿ ಮೂವತ್ತೈದು ವರ್ಷ, ಇಬ್ರೂ ಜೊತೇಲಿ ಕೂತು ತಿಂದಿದ್ದು ಈ ನಾಲ್ಕು ತಿಂಗಳೇ. ಈಗ ‘ನೀನು ಉಂಡು ಏಳು, ನಾನು ಆಮೇಲೆ ತಿಂತೀನಿ’ ಅಂತಾಳೆ.”

ಕಾಲೇಜಿನಲ್ಲಿ ಇದಕ್ಕೆ ಏನೂ ಹೇಳಿಕೊಟ್ಟಿರಲಿಲ್ಲ. ಸಂಘಮಿತ್ರ ಓಬಳಮ್ಮನನ್ನು ವಾಪಸ್ ಕರೆದಳು.

“ಇನ್ನೊಂದು ವ್ಯಾಯಾಮ ಇದೆ. ಎರಡು ಹೊತ್ತೂ ಬಲಗೈಲೇ ಮುದ್ದೆ ಮುರೀಬೇಕು. ಕೈ ನಡುಗುತ್ತಾ ಅಂತ ಇವರು ಪಕ್ಕದಲ್ಲಿ ಕೂತು ನೋಡ್ಬೇಕು. ನೋಡೋರೂ ಊಟ ಮಾಡ್ಬೇಕು.”

“ಇವರ್‍ಯಾಕಮ್ಮ ಮಾಡ್ಬೇಕು?”

“ಸುಮ್ನೆ ದಿಟ್ಟಿಸಿ ನೋಡ್ತಿದ್ರೆ ನಿಮ್ಮ ಕೈ ಬಿಗಿಯಾಗುತ್ತೆ.”

ಓಬಳಮ್ಮ ಒಪ್ಪಿಕೊಂಡಳು. “ಎಷ್ಟು ದಿನ?”

“ನಾನು ಸಾಕು ಅನ್ನೋವರ್ಗೂ.”

ಎರಡು ತಿಂಗಳ ನಂತರ ಹೊಸ ಆದೇಶ ಬಂದು ಸಂಘಮಿತ್ರಳ ಮಂಗಳವಾರ ಬೇರೆ ಊರಿಗೆ ಹೋಯಿತು. ಅಷ್ಟರಲ್ಲಿ ಓಬಳಮ್ಮ ತನ್ನ ಜಡೆ ತಾನೇ ಹೆಣೆದುಕೊಳ್ಳುತ್ತಿದ್ದಳು. ತುಂಬಿದ ಬಿಂದಿಗೆ ಎತ್ತುವುದು ಮಾತ್ರ ಆಗಲಿಲ್ಲ. ಕಡೆಯ ದಿನ ಸಂಘಮಿತ್ರ ಚೀಟಿಗೆ ಸಹಿ ಹಾಕಿದಳು, ಮುನಿಗಂಗಪ್ಪನಿಗೆ ನಮಸ್ಕಾರ ಹೇಳಿದಳು. ಸಾಕು ಎಂದು ಮಾತ್ರ ಹೇಳಲಿಲ್ಲ.