ಶಿವಲೀಲಾಳ ರೀಡಿಂಗ್ ಸರಿಯಾಗಿತ್ತು

ನಾನು ಸುಳ್ಳು ಹೇಳಿದೆ. ಯಾರೂ ಹೇಳಿಸಲಿಲ್ಲ, ಯಾರೂ ಹೆದರಿಸಲಿಲ್ಲ. ಪಾಠ ಹೇಳಿದ ಬಾಯಿಂದಲೇ, ಆ ಪಾಠ ಕಲಿತ ಹುಡುಗಿಗೆ, ನೀನು ಕಂಡುಕೊಂಡದ್ದು ತಪ್ಪು ಎಂದೆ – ಅದು ಸರಿ ಎಂದು ನನಗೆ ಚೆನ್ನಾಗಿ ಗೊತ್ತಿದ್ದಾಗ.

ಮುಂಬೈಯ ಚೆಂಬೂರಿನ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಹೋದ ವರ್ಷ ನಿವೃತ್ತಳಾದೆ. ಏಳು ವರ್ಷಗಳ ಹಿಂದೆ ನಮ್ಮ ಕಾಲೇಜಿಗೆ ಒಂದು ಸುಸ್ಥಿರತಾ ನೀತಿ ಬೇಕಾಯಿತು. ನೀರು, ಕರೆಂಟು, ಕಸ ಇವುಗಳ ವಿಷಯದಲ್ಲಿ ಕಾಲೇಜು ಹೇಗೆ ನಡೆದುಕೊಳ್ಳುತ್ತದೆ ಎಂದು ಬರೆದಿಡುವ ದಾಖಲೆ ಅದು. ಹೊರಗಿನಿಂದ ಮೌಲ್ಯಮಾಪನ ಸಮಿತಿ ಬರುವುದಿತ್ತು. ಅವರು ಅದನ್ನು ಕೇಳುತ್ತಾರೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಬೇರೆ ಕಾಲೇಜುಗಳ ನೀತಿಗಳನ್ನು ತರಿಸಿ ಓದಿದೆ. ಸೋಲಾರ್ ಫಲಕ, ಎಲ್‌ಇಡಿ ದೀಪ, ಮಳೆನೀರಿನ ಟಾಕಿ. ವಿದ್ಯಾರ್ಥಿಗಳು ಇದ್ದದ್ದು ಗಿಡ ನೆಡುವ ಫೋಟೊದಲ್ಲಿ ಮಾತ್ರ. ಇದರಿಂದೆಲ್ಲ ಅವರು ಏನು ಕಲಿತರು ಎಂದು ಎಲ್ಲಿಯೂ ಒಂದು ಸಾಲಿಲ್ಲ. ನನಗೆ ನಿಜವಾಗಿಯೂ ಸಿಟ್ಟು ಬಂತು. ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು, ‘ಕಲಿಕೆಯೇ ಇಲ್ಲದ ನೀತಿ ಕಾಲೇಜಿನದು ಹೇಗಾಗುತ್ತದೆ? ಅದು ಯಾವುದೋ ಹೋಟೆಲಿನದೂ ಆಗಬಹುದು’ ಎಂದೆ. ಆ ಮಾತು ಆಡುವಾಗ ನಾನು ಪ್ರಾಮಾಣಿಕಳಾಗಿದ್ದೆ. ಈಗ ಅದೇ ಹೆಚ್ಚು ಚುಚ್ಚುತ್ತದೆ.

ಒಂಬತ್ತು ವಿದ್ಯಾರ್ಥಿಗಳು ಮುಂದೆ ಬಂದರು. ಕಾಲೇಜನ್ನೇ ಪಾಠವಾಗಿ ಓದಿ ಎಂದೆ. ಅಳೆಯಿರಿ, ಬರೆಯಿರಿ, ಕಂಡದ್ದನ್ನು ಕಂಡ ಹಾಗೆ ಹೇಳಿ. ನೀವು ಬರೆದದ್ದು ನೀತಿಯ ಒಂದು ಅಧ್ಯಾಯವಾಗುತ್ತದೆ. ಅವರಲ್ಲಿ ಒಬ್ಬಳು ಶಿವಲೀಲಾ. ವಿಜಯಪುರದ ಕಡೆಯವರು, ಅಪ್ಪ ಬಿಲ್ಡಿಂಗ್ ಒಂದರಲ್ಲಿ ವಾಚ್‌ಮನ್. ಕಾಲೇಜಿನ ಹಿಂಗೋಡೆಗೆ ತಾಗಿದಂತೆ ಕೊಳಚೆ ನೀರಿನ ಒಂದು ನಾಲಾ, ನಾಲಾದ ಆಚೆ ಅವರ ಚಾಳು. ನಾನು ಧಾರವಾಡದವಳು ಎಂದು ಗೊತ್ತಾದ ದಿನದಿಂದ ನಾವಿಬ್ಬರೇ ಇದ್ದಾಗ ಕನ್ನಡದಲ್ಲಿ ಮಾತಾಡುತ್ತಿದ್ದಳು – ತಡವರಿಸುತ್ತ, ನಡುನಡುವೆ ಹಿಂದಿ ಬೆರೆಸುತ್ತ.

ಒಂದು ದಿನ ಬಂದು ಕೇಳಿದಳು: “ಮ್ಯಾಡಮ್, ನಮ್ಮ ಲ್ಯಾಬಿನ ನೀರು ಎಲ್ಲಿ ಹೋಗ್ತೈತ್ರಿ?”

“ಹಿಂದ ತೊಟ್ಟಿ ಐತಲ್ಲ. ಅದರಾಗ ಸುಣ್ಣ ಹಾಕಿ ಆ್ಯಸಿಡ್ ಸಾಯಿಸಿ ಆಮೇಲೆ ಹೊರಗ ಬಿಡ್ತಾರ.”

“ತೊಟ್ಟಿ ಒಣಾ ಐತ್ರಿ. ಒಳಗ ಮುರದ ಬೆಂಚ್ ಇಟ್ಟಾರ.”

ಪೈಪು ನೇರ ನಾಲಾಕ್ಕೆ ಹೋಗುತ್ತಿತ್ತು. ಮಳೆಗಾಲದಲ್ಲಿ ಆ ನಾಲಾ ಉಕ್ಕಿ ಅವಳ ಮನೆಯೊಳಗೆ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು.

ಆರು ತಿಂಗಳು ಆ ನೀರಿನ ಹುಳಿ ಅಳೆದಳು. ಪ್ರಾಕ್ಟಿಕಲ್ ಇದ್ದ ದಿನ, ಇಲ್ಲದ ದಿನ; ಪೈಪಿನ ಬಾಯಲ್ಲಿ, ಅದಕ್ಕಿಂತ ಮೇಲೆ, ಕೆಳಗೆ. ಉಳಿದ ಎಂಟು ಮಂದಿ ಕ್ಯಾಂಟೀನಿನ ಕಸ, ಫ್ಯಾನು, ದೀಪ ಎಂದು ಬರೆದರು. ಶಿವಲೀಲಾಳದು ಹನ್ನೆರಡು ಪುಟವಾಯಿತು. ಮೂವತ್ತು ವರ್ಷಗಳ ನನ್ನ ನೌಕರಿಯಲ್ಲಿ ಅಷ್ಟು ಅಚ್ಚುಕಟ್ಟಾದ ವಿದ್ಯಾರ್ಥಿಯ ಕೆಲಸವನ್ನು ನಾನು ನೋಡಿರಲಿಲ್ಲ. ಕೊನೆಯ ಸಾಲು ಹೀಗಿತ್ತು: ‘ತೊಟ್ಟಿಯನ್ನು ಮತ್ತೆ ಬಳಸಿದರೆ ಇದು ನಿಲ್ಲುತ್ತದೆ.’ ದೂರು ಅಲ್ಲ, ಆರೋಪ ಅಲ್ಲ. ಬರೀ ಅಷ್ಟು.

ಸಮಿತಿ ಬರಲು ಹತ್ತು ದಿನವಿತ್ತು. ಪ್ರಿನ್ಸಿಪಾಲರು ಕಾರಿಡಾರಿನಲ್ಲಿ ಸಿಕ್ಕು, “ಮ್ಯಾಡಮ್, ಪಾಲಿಸಿ ಕ್ಲೀನ್ ಇರ್ಬೇಕು ನೋಡಿ” ಎಂದರು. ಅವರು ಆ ಅಧ್ಯಾಯವನ್ನು ಓದಿರಲೇ ಇಲ್ಲ. ಕ್ಲೀನ್ ಎಂದರೆ ಏನು ಎಂದು ನಾನು ಕೇಳಲಿಲ್ಲ – ಕೇಳಬಹುದಿತ್ತು. ವಿಭಾಗದ ಮುಖ್ಯಸ್ಥೆಯ ಕುರ್ಚಿ ಆ ತಿಂಗಳು ಖಾಲಿಯಾಗುವುದಿತ್ತು. ಇಷ್ಟು ಹೇಳಿದರೆ ಸಾಕು.

ಅವಳ ರೀಡಿಂಗ್ ತಪ್ಪಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ತಪ್ಪಿದ್ದರೆ ಎಷ್ಟು ಸುಲಭ! ಒಂದು ಗುರುವಾರ ಪ್ರಾಕ್ಟಿಕಲ್ ಮುಗಿದ ಮೇಲೆ ಬೇರೆ ವಿಭಾಗದಿಂದ ಹೊಸ ಪಿಎಚ್ ಮೀಟರ್ ತಂದು, ನಾನೇ ಹಿಂಗೋಡೆಯ ಸಣ್ಣ ಗೇಟಿನಿಂದ ಇಳಿದು ಅಳೆದೆ. ಏಳು ಇದ್ದರೆ ಒಳ್ಳೆಯ ನೀರು; ಇಳಿದಷ್ಟೂ ಹುಳಿ. ಎರಡು ಪಾಯಿಂಟ್ ಎಂಟು. ತೊಳೆದು ಮತ್ತೆ ಅಳೆದೆ. ಎರಡು ಪಾಯಿಂಟ್ ಎಂಟು. ನಾಲಾದ ಆಚೆ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತ ನನ್ನನ್ನೇ ನೋಡುತ್ತಿದ್ದಳು. ಶಿವಲೀಲಾಳ ತಾಯಿಯೋ, ಬೇರೆ ಯಾರೋ – ನಾನು ಮುಖ ತಿರುಗಿಸಿಕೊಂಡು ಬಂದೆ.

ಮರುದಿನ ಆ ಒಂಬತ್ತೂ ಮಂದಿಯನ್ನು ಲ್ಯಾಬಿಗೆ ಕರೆದೆ. ಎಲ್ಲರಿಗೂ ತಿಳಿಯಲಿ ಎಂದು ಹಿಂದಿಯಲ್ಲಿ ಹೇಳಿದೆ: “ಶಿವಲೀಲಾ, ತುಮ್ಹಾರಾ ರೀಡಿಂಗ್ ಗಲತ್ ಹೈ. ಸಾರೇ ಕೆ ಸಾರೇ.” ನಿನ್ನ ರೀಡಿಂಗ್ ತಪ್ಪು, ಎಲ್ಲವೂ. ಮೀಟರನ್ನು ಸರಿಯಾಗಿ ಹೊಂದಿಸದೆ ಅಳೆದಿದ್ದೀಯ, ಆರು ತಿಂಗಳು ವ್ಯರ್ಥ ಮಾಡಿದ್ದೀಯ.

ಅವಳು ವಾದಿಸಲಿಲ್ಲ. ವಾದಿಸಿದ್ದರೆ ನಿಜ ಹೇಳುತ್ತಿದ್ದೆನೇನೋ – ಇಲ್ಲ, ಆ ನೆಪವೂ ಬೇಡ. ಕಂಡದ್ದನ್ನು ಹೇಳು ಎಂದು ಕಲಿಸಿದವಳು ನಾನು. ನಾನೇ ತಪ್ಪು ಎಂದರೆ ತಪ್ಪೇ ಇರಬೇಕು ಎಂದು ನಂಬಿದಳು. ಪಕ್ಕದಲ್ಲಿದ್ದ ಇಬ್ಬರು ಕಿಸಕ್ಕನೆ ನಕ್ಕರು. ಅವಳು ತನ್ನ ಪುಸ್ತಕ ಮುಚ್ಚಿ, “ಸಾರಿ ಮ್ಯಾಡಮ್” ಎಂದಳು.

ನೀತಿಯಿಂದ ಇಡೀ ಅಧ್ಯಾಯ ತೆಗೆದೆ. ಆ ಜಾಗದಲ್ಲಿ ಒಂದು ಸಾಲು ಬರೆದೆ: ‘ವಿದ್ಯಾರ್ಥಿಗಳಲ್ಲಿ ಪರಿಸರ ಜಾಗೃತಿ ಮೂಡಿಸಲಾಗುವುದು.’ ಸಮಿತಿಯವರು ಬಂದರು, ಹೊಗಳಿದರು. ಕುರ್ಚಿ ನನಗೆ ಬಂತು. ಶಿವಲೀಲಾ ಹೇಗೋ ಪದವಿ ಮುಗಿಸಿದಳು. ಎಂ.ಎಸ್ಸಿಗೆ ಅರ್ಜಿ ಹಾಕಲಿಲ್ಲ ಎಂದು ಯಾರೋ ಹೇಳಿದರು. ಕೇಳಿಯೂ ಕೇಳದಂತೆ ಇದ್ದೆ.

ಈ ವರ್ಷ ಕಣ್ಣಿಗೆ ಪೊರೆ ಬಂದು ಚೆಂಬೂರಿನ ಒಂದು ಕ್ಲಿನಿಕ್ಕಿಗೆ ಹೋದೆ. ಒಳಗೆ ಕಳಿಸುವ ಮೊದಲು ಕಣ್ಣಿನ ಒತ್ತಡ ನೋಡಿ ಕಾಗದದಲ್ಲಿ ಬರೆಯುವವಳು ತಲೆ ಎತ್ತಿದಳು.

“ಮ್ಯಾಡಮ್! ನಾ ಶಿವಲೀಲಾರಿ.”

ಖುಷಿಯಿಂದ ನನ್ನ ಕೈ ಹಿಡಿದುಕೊಂಡಳು. ನನ್ನ ಕಣ್ಣಿನ ಅಂಕಿ ಬರೆದಳು. ಬರೆದು, ಪಕ್ಕದ ಹುಡುಗಿಯನ್ನು ಕರೆದು, “ಏಕ್ ಬಾರ್ ದೇಖ್ ನಾ, ಸಹೀ ಹೈ ಕ್ಯಾ?” – ಸರಿಯಿದೆಯೇ, ಒಮ್ಮೆ ನೋಡು – ಎಂದು ತೋರಿಸಿದಳು. ನನ್ನ ಹಿಂದಿದ್ದವರ ಅಂಕಿಯನ್ನೂ ತೋರಿಸಿದಳು. ಅವರ ಹಿಂದಿದ್ದವರದನ್ನೂ. ಆ ಹುಡುಗಿ ನಗುತ್ತ ನನಗೆ ಹೇಳಿದಳು: “ದೀದೀಕಾ ಕಭೀ ಗಲತ್ ನಹೀಂ ಹೋತಾ. ಫಿರ್ ಭೀ ರೋಜ್ ಪೂಛತೀ ಹೈ.”

ಅಕ್ಕನದು ಎಂದೂ ತಪ್ಪುವುದಿಲ್ಲ, ಆದರೂ ದಿನಾ ಕೇಳುತ್ತಾಳೆ.

ಬಾಗಿಲವರೆಗೆ ಬಿಡಲು ಬಂದ ಶಿವಲೀಲಾ ದನಿ ತಗ್ಗಿಸಿ ಹೇಳಿದಳು: “ಆವಾಗ ನನ್ನಿಂದ ನಿಮಗ ಭಾಳ ತ್ರಾಸ ಆತ್ರಿ ಮ್ಯಾಡಮ್. ಕಮಿಟಿ ಬರೂ ಟೈಮಿನ್ಯಾಗ ತಪ್ಪ ರಿಪೋರ್ಟ್ ಕೊಟ್ಟೆ. ಮನಸಿನ್ಯಾಗ ಇಟ್ಕೋಬ್ಯಾಡ್ರಿ.”

ನಾನು ಏನು ಹೇಳಿದೆ ಗೊತ್ತೆ? “ಇರ್ಲಿ ಬಿಡವ್ವಾ” ಎಂದೆ. ಅವಳನ್ನು ಕ್ಷಮಿಸಿದೆ! ಮೊದಲ ಸುಳ್ಳಿಗಿಂತ ಇದು ದೊಡ್ಡದು. ವಡಾಲದ ಮನೆಗೆ ಬಂದು ಚಪ್ಪಲಿ ಬಿಡುವುದನ್ನೂ ಮರೆತು ಕುಳಿತಿದ್ದೆ.

ಮೂರು ವಾರ ಬೇಕಾಯಿತು. ಮೂರು ವಾರ! ಕೊನೆಗೆ ಒಂದು ಮಧ್ಯಾಹ್ನ ಅವಳ ಊಟದ ಹೊತ್ತಿಗೆ ಹೋಗಿ, ಕ್ಲಿನಿಕ್ಕಿನ ಎದುರಿನ ಉಡುಪಿ ಹೋಟೆಲಿನಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಒಂದನ್ನೂ ಬಿಡಲಿಲ್ಲ, ಕುರ್ಚಿಯ ಮಾತನ್ನೂ.

ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಆಮೇಲೆ ಕೇಳಿದಳು: “ನೀವೂ ಅಳತಿ ಮಾಡಿದ್ರೇನ್ರಿ?”

“ಹೌದು.”

“ಎಷ್ಟ ಬಂದಿತ್ರಿ?”

“ಎರಡು ಪಾಯಿಂಟ್ ಎಂಟು.”

“ಗುರುವಾರ ಅಲ್ರಿ?” ಎಂದಳು. “ನಂದೂ ಪ್ರಾಕ್ಟಿಕಲ್ ಇದ್ದ ಗುರುವಾರ ಅಷ್ಟ ಬರ್ತಿತ್ತು.”

ಏಳು ವರ್ಷವಾದರೂ ಆ ಅಂಕಿ ಅವಳಿಗೆ ನೆನಪಿತ್ತು. ತಪ್ಪು ಎಂದು ನಂಬಿಕೊಂಡೇ ನೆನಪಿಟ್ಟುಕೊಂಡಿದ್ದಳು.

“ಈಗ ತೊಟ್ಟಿ ಚಾಲೂ ಮಾಡ್ಯಾರೇನ್ರಿ?”

ನನಗೆ ಗೊತ್ತಿರಲಿಲ್ಲ. ಆರು ವರ್ಷ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಒಂದು ದಿನವೂ ಹೋಗಿ ನೋಡಿರಲಿಲ್ಲ. ಹಾಗೆಂದು ಹೇಳಿದೆ.

ಆಗ ಅತ್ತಳು. ತನಗಾಗಿ ಅಳಲಿಲ್ಲ ಎಂದು ನನಗೆ ಅನಿಸುತ್ತದೆ. “ನಮ್ಮ ಅವ್ವ ಇನ್ನೂ ಅಲ್ಲೇ ಅದಾಳ್ರಿ” ಎಂದಳು. ಮುಖ ಒರೆಸಿಕೊಂಡು ಎದ್ದಳು. “ಪೇಷಂಟ್ ಕಾಯಾಕತ್ತಿರ್ತಾರ” ಎಂದು ರಸ್ತೆ ದಾಟಿ ಹೋದಳು. ತಿರುಗಿ ನೋಡಲಿಲ್ಲ.

ಕಾಲೇಜಿಗೆ ನನ್ನ ಸಹಿ ಹಾಕಿ ಪತ್ರ ಕೊಟ್ಟಿದ್ದೇನೆ: ತೊಟ್ಟಿಯ ವಿಷಯ, ತೆಗೆದ ಅಧ್ಯಾಯದ ವಿಷಯ, ತೆಗೆದವಳು ಯಾರೆಂಬ ವಿಷಯ. ಉತ್ತರ ಬಂದಿಲ್ಲ, ಮತ್ತೆ ಹೋಗುತ್ತೇನೆ. ಉಳಿದ ಎಂಟು ಮಂದಿಯಲ್ಲಿ ಐವರು ಫೋನಿನಲ್ಲಿ ಸಿಕ್ಕರು. ಅವಳದು ಸರಿಯಿತ್ತು ಎಂದು ಒಬ್ಬೊಬ್ಬರಿಗೂ ಹೇಳಿದೆ. ಅಂದು ನಕ್ಕವರಲ್ಲಿ ಒಬ್ಬ, “ಇಷ್ಟು ವರ್ಷ ಆದ ಮೇಲೆ ಯಾಕೆ ಮಿಸ್?” ಎಂದು ಕೇಳಿದ. ಅವಳದು ಸರಿಯಿತ್ತು ಎಂದು ಅವನಿಗೆ ಮತ್ತೊಮ್ಮೆ ಹೇಳಿದೆ.

ಶಿವಲೀಲಾಳ ಹತ್ತಿರ ಕ್ಷಮೆ ಮಾತ್ರ ಕೇಳಿಲ್ಲ. ಕೇಳಿದರೆ ಕೊಟ್ಟುಬಿಡುತ್ತಾಳೆ – ಅಂಥ ಹುಡುಗಿ ಅವಳು. ಅದಕ್ಕೇ ಕೇಳಿಲ್ಲ.