ಪೆಮ್ಮಯ್ಯನವರ ಕುಂಚ

ದೆಹಲಿಯ ವಸಂತ್ ಕುಂಜಿನ ಪೆಮ್ಮಯ್ಯನವರು ಹಗಲೆಲ್ಲ ಕಾಫಿಪುಡಿಯ ವ್ಯಾಪಾರಿ, ಸಂಜೆ ಚಿತ್ರಕಾರ, ಮೂಕಪ್ರಾಣಿಗೆ ನೋವಾದರೆ ಯಾವ ಹೊತ್ತಿನಲ್ಲೂ ದೂರ್ವಾಸರು. ಇಟ್ಟಿಗೆ ಹೇರಿದ ಕುದುರೆಗಾಡಿ ಕಂಡರೆ ಕಾರನ್ನು ಅಡ್ಡ ನಿಲ್ಲಿಸಿ, “ಭಯ್ಯಾ, ನೀನೇ ಎಳೆ, ಕುದುರೆ ಕೂತುಕೊಳ್ಳಲಿ!” ಎಂದು ಗರ್ಜಿಸುವರು, ಗಿಳಿಯನ್ನು ಪಂಜರದಲ್ಲಿಟ್ಟ ಮನೆಯಲ್ಲಿ ನೀರನ್ನೂ ಮುಟ್ಟರು. ಇಂಥವರಿಗೆ ಕಳೆದ ಚಳಿಗಾಲ ಕುಂಚದ ಅಂಗಡಿಯವನು, “ಅಸಲಿ ಮುಂಗುಸಿಯ ಕೂದಲು ಸಾಹೇಬ್, ಮೂವತ್ತು ವರ್ಷದಿಂದ ನೀವು ಒಯ್ಯುತ್ತಿರುವುದೂ ಇದೇ” ಎಂದು ಹೆಮ್ಮೆಯಿಂದ ನುಡಿದನು. ಪೆಮ್ಮಯ್ಯನವರು ಅಂದೇ ತಮ್ಮ ಕುಂಚಗಳನ್ನೆಲ್ಲ, ತಾವು ಮಣ್ಣುಮಾಡಿದ್ದ ಬೀದಿನಾಯಿಗಳ ಮಗ್ಗುಲಲ್ಲಿ ಹೂತರು. ಈಗ ಬೆರಳಿನಿಂದಲೇ ಬರೆಯುತ್ತಾರೆ. ಹಾಗೆ ಬರೆದ ಮೊದಲ ಚಿತ್ರ ಒಂದು ಮುಂಗುಸಿ. “ಇದರ ಮೈಮೇಲೆ ಒಂದು ಕೂದಲೂ ಇಲ್ಲವಲ್ಲ?” ಎಂದು ಮಡದಿ ಕೇಳಿದರೆ, “ಎಲ್ಲವನ್ನೂ ನಾನೇ ಕಿತ್ತುಕೊಂಡೆನಲ್ಲ, ಬೊಳ್ಳಮ್ಮ!” ಎಂದು, ಗಾಡಿಯವನ ಮೇಲೆ ಗರ್ಜಿಸುವ ಆ ದನಿಯಲ್ಲೇ, ತಮ್ಮ ಮೇಲೆಯೇ ಗರ್ಜಿಸುವರು.